ಇಪ್ಪತ್ತೊಂಬತ್ತನೆಯ ಸಂಜೆಯ ಚಂದ್ರ

ನನ್ನ ಉಪ್ಪ, ಅಂದರೆ ತಂದೆ, ಸುಳ್ಳು ಹೇಳುವವರಲ್ಲ. ಬೈಕಂಪಾಡಿಯಲ್ಲಿ ಹಗ್ಗ, ಟರ್ಪಾಲಿನ ಅಂಗಡಿಯನ್ನು ನಲವತ್ತು ವರ್ಷ ನಡೆಸಿದವರು. "ಇದು ಒಂದು ಮಳೆಗಾಲಕ್ಕೆ ಮಾತ್ರ, ಎರಡನೆಯದಕ್ಕೆ ಹರಿದುಹೋಗ್ತದೆ" ಎಂದು ಗಿರಾಕಿಯ ಮುಖಕ್ಕೇ ಹೇಳಿ ವ್ಯಾಪಾರ ಕೈಬಿಟ್ಟದ್ದನ್ನು ನಾನೇ ನೋಡಿದ್ದೇನೆ. ಹಾಗಾಗಿ ಆ ಸಂಜೆ ಪಣಂಬೂರು ಬೀಚಿನ ಮರಳಿನ ಮೇಲೆ ನಿಂತು, ಪಡುವಣದ ಕಡೆಗೆ ಬೆರಳು ಚಾಚಿ ಅವರು "ಅಗೋ, ಕಂಡಿತು" ಎಂದಾಗ ಸುತ್ತ ಇದ್ದ ಮೂವತ್ತು ನಲವತ್ತು ಜನರಲ್ಲಿ ಒಬ್ಬರಿಗೂ ಸಂಶಯ ಬರಲಿಲ್ಲ. ಸಂಶಯ ಬಂದದ್ದು ನನಗೊಬ್ಬನಿಗೆ. ನಾನು ಅವರ ಮಗ.

ಅದು ರಂಜಾನಿನ ಇಪ್ಪತ್ತೊಂಬತ್ತನೆಯ ಉಪವಾಸದ ಸಂಜೆ. ಆ ಸಂಜೆ ಎಳೆಯ ಚಂದ್ರ ಬರಿಗಣ್ಣಿಗೆ ಕಂಡರೆ ಮರುದಿನವೇ ಹಬ್ಬ. ಕಾಣದಿದ್ದರೆ ಇನ್ನೊಂದು ಉಪವಾಸ ಹಿಡಿಯಬೇಕು, ಹಬ್ಬ ಒಂದು ದಿನ ಮುಂದಕ್ಕೆ ಹೋಗುತ್ತದೆ. ಕಂಡದ್ದು ಹೌದೆಂದು ನಂಬಿಕಸ್ಥರಾದ ಇಬ್ಬರು ಖಾಝಿಯವರ ಮುಂದೆ ಸಾಕ್ಷಿ ಹೇಳಬೇಕು. ಒಬ್ಬೊಬ್ಬರನ್ನೇ ಬೇರೆಯಾಗಿ ಕೂರಿಸಿ ಕೇಳುವುದು ಕ್ರಮ: ಸೂರ್ಯ ಮುಳುಗಿದ ಜಾಗದಿಂದ ಎಡಕ್ಕೋ ಬಲಕ್ಕೋ, ನೀರಿನಿಂದ ಎಷ್ಟು ಮೇಲೆ, ಕೊಂಬುಗಳು ಯಾವ ಕಡೆಗೆ. ದುರ್ಬೀನಿನಲ್ಲಿ ಕಂಡದ್ದು ಲೆಕ್ಕಕ್ಕಿಲ್ಲ ಎನ್ನುವುದು ನಮ್ಮ ಕಡೆಯ ಹಿರಿಯರ ಪಟ್ಟು. ಉಪ್ಪನ ಸಾಕ್ಷಿ ಹಿಂದೆ ಮೂರು ಸಲ ಸ್ವೀಕಾರವಾಗಿತ್ತು. ಅವರು ಹಜ್ಜಿಗೆ ಹೋಗಿ ಬಂದದ್ದಕ್ಕಿಂತ ಹೆಚ್ಚಾಗಿ ಊರಿನವರು ಮಾತಾಡಿಕೊಳ್ಳುತ್ತಿದ್ದದ್ದು ಈ ಕಣ್ಣಿನ ವಿಷಯ.

ನನ್ನದೂ ಕಣ್ಣಿನದೇ ಕಸುಬು. ಪಡೀಲಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದೇನೆ. ಆಕಾಶದ ಹುಚ್ಚು ಹತ್ತಿದ್ದು ಕೂಡ ಅಲ್ಲಿಂದಲೇ. ಪ್ಲಸ್ ಒಂದು ಪವರಿನ ಗಾಜನ್ನು ಗೋಡೆಯಿಂದ ಒಂದು ಮೀಟರ್ ದೂರ ಹಿಡಿದರೆ ಎದುರಿನ ರಸ್ತೆ, ಬಸ್ಸು, ತೆಂಗಿನ ಮರ ಎಲ್ಲ ತಲೆಕೆಳಗಾಗಿ ಗೋಡೆಯ ಮೇಲೆ ಮೂಡುತ್ತವೆ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಅದನ್ನು ನೋಡುತ್ತಾ ಕೂತವನು ಸಂಜೆಯೊಳಗೆ ಪಿವಿಸಿ ಪೈಪು ತಂದು, ಒಂದು ತುದಿಗೆ ಆ ಗಾಜು, ಇನ್ನೊಂದು ತುದಿಗೆ ಗಡಿಯಾರ ರಿಪೇರಿಯವರ ಭೂತಗನ್ನಡಿ ಸಿಕ್ಕಿಸಿ ದುರ್ಬೀನು ಮಾಡಿಬಿಟ್ಟೆ. ಗುರುಗ್ರಹದ ನಾಲ್ಕು ಉಪಗ್ರಹಗಳು ಸೂಜಿಮೊನೆಯ ಹಾಗೆ ಸಾಲಾಗಿ ಕಂಡ ದಿನ ನನಗೆ ಊಟ ಸೇರಲಿಲ್ಲ. ಆಮೇಲೆ ಪುಸ್ತಕ ಓದಿದೆ, ಇಂಟರ್ನೆಟ್ಟಿನಲ್ಲಿ ಹುಡುಕಿದೆ, ಸೂರ್ಯಚಂದ್ರರ ಉದಯಾಸ್ತ ಲೆಕ್ಕ ಹಾಕುವುದನ್ನು ಕಲಿತೆ. ಅದರ ಜೊತೆಗೆ ಸ್ವಲ್ಪ ಗರ್ವವೂ ಬಂತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಉಪ್ಪ ಆ ಪೈಪಿಗೆ ಒಂದು ದಿನವೂ ಕಣ್ಣಿಟ್ಟವರಲ್ಲ. ಮನೆಯಲ್ಲಿ ನಾವಾಡುವುದು ಬ್ಯಾರಿ ಭಾಷೆ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. "ಆ ಪೈಪಿನೊಳಗೆ ಇರುವುದು ನಿನ್ನ ಚಂದ್ರ. ನನ್ನದು ಹೊರಗೆ ಉಂಟು," ಎನ್ನುತ್ತಿದ್ದರು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ನಾನು ಲೆಕ್ಕ ಹಾಕಿದ ಕಾಗದವನ್ನು ಇಫ್ತಾರಿನ ಚಾಪೆಯ ಮೇಲೆ ಹರಡಿ, "ಈ ಸಲ ಇಪ್ಪತ್ತೊಂಬತ್ತಕ್ಕೆ ಬರಿಗಣ್ಣಿಗೆ ಕಾಣ್ಲಿಕ್ಕಿಲ್ಲ ಉಪ್ಪ. ಸೂರ್ಯ ಮುಳುಗಿ ನಲವತ್ತು ನಿಮಿಷದೊಳಗೆ ಅದೂ ಮುಳುಗ್ತದೆ. ತುಂಬ ತೆಳು," ಎಂದೆ. ಉಪ್ಪ ಖರ್ಜೂರದ ಬೀಜವನ್ನು ಆ ಕಾಗದದ ಮೇಲೆಯೇ ಇಟ್ಟರು.

"ಚಂದ್ರ ನಿನ್ನ ಕಾಗದ ನೋಡಿ ಬರುವುದಾ?"

"ಇದು ಲೆಕ್ಕ ಉಪ್ಪ. ತಪ್ಪುವುದಿಲ್ಲ."

"ನೋಡುವ ಅಲ್ವಾ," ಎಂದಷ್ಟೇ ಹೇಳಿದರು. ಆ ನಾಲ್ಕು ದಿನ ನಮ್ಮಿಬ್ಬರ ನಡುವೆ ಮಾತು ಕಡಿಮೆಯಿತ್ತು. ಉಮ್ಮ, ಅಂದರೆ ತಾಯಿ, ಇಬ್ಬರಿಗೂ ಬೇರೆ ಬೇರೆಯಾಗಿ ಬೈದರು.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು. ಮೂರು ತಿಂಗಳ ಹಿಂದೆ ಉಪ್ಪನ ಎಡಗಣ್ಣಿನ ಪೊರೆ ತೆಗೆಸಿ ಒಳಗೆ ಲೆನ್ಸು ಹಾಕಿಸಿದ್ದೆವು. ಚೆನ್ನಾಗಿಯೇ ಆಗಿತ್ತು, ಪೇಪರಿನ ಸಣ್ಣ ಅಕ್ಷರವನ್ನೂ ಓದುತ್ತಿದ್ದರು. ಆದರೆ ಒಂದು ಸಂಜೆ, ಅಂಗಡಿಯಲ್ಲಿ ನನ್ನ ಪಕ್ಕ ಕೂತಿದ್ದಾಗ, "ಈ ಕಣ್ಣಿನ ಬದಿಯಲ್ಲಿ ಕೆಲವು ಸಲ ಒಂದು ಬೆಳಕಿನ ಗೆರೆ ಬರ್ತದೆ ಮೋನೆ. ಬಾಗಿದ ಹಾಗೆ," ಎಂದರು. ಮೋನೆ ಎಂದರೆ ಮಗನೇ. ನಾನು ಒಬ್ಬ ಗಿರಾಕಿಯ ಫ್ರೇಮು ಬಗ್ಗಿಸುತ್ತಿದ್ದೆ. ತಲೆ ಎತ್ತದೆ "ಹೊಸ ಲೆನ್ಸಲ್ವಾ, ಸರಿಯಾಗ್ತದೆ," ಎಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಇಪ್ಪತ್ತೊಂಬತ್ತನೆಯ ದಿನ ಮಧ್ಯಾಹ್ನದಿಂದಲೇ ಸೆಖೆ ಬಿಗಿದಿತ್ತು. ನಾವು ಬೀಚಿಗೆ ಮುಟ್ಟುವಾಗ ಸೂರ್ಯ ನೀರಿನಿಂದ ಒಂದು ಗೇಣು ಮೇಲಿತ್ತು, ಅದರ ಕೆಳಗೆ ಸಮುದ್ರದ ಉದ್ದಕ್ಕೂ ಹಾಲು ಬೆರೆಸಿದ ಚಹಾದ ಬಣ್ಣದ ಮಬ್ಬು. ಬಂದರಿನ ಸರದಿಗೆ ಕಾಯುವ ಹಡಗುಗಳು ಆ ಮಬ್ಬಿನಲ್ಲಿ ಅರ್ಧ ಅಳಿಸಿಹೋಗಿದ್ದವು. ಉಪ್ಪ ಬಿಳಿ ಮುಂಡು, ಬಿಳಿ ಶರ್ಟು ಇಸ್ತ್ರಿ ಮಾಡಿಸಿ ಹಾಕಿಕೊಂಡು, ಸಾಕ್ಷಿ ಹೇಳಲಿಕ್ಕೆ ತಯಾರಾಗಿಯೇ ಬಂದಿದ್ದರು. ನೆರೆಮನೆಯ ಬೋಟಿನ ಕಾಕ ಅವರ ಪಕ್ಕದಲ್ಲಿದ್ದರು. ಅವರಿಗೆ ಎರಡು ಮೀನುಗಾರಿಕೆಯ ಬೋಟುಗಳಿವೆ, ಉಪ್ಪನ ಮಾತೆಂದರೆ ಮತ್ತೆ ಮಾತಿಲ್ಲ. ಮಸೀದಿ ಕಮಿಟಿಯವರೊಬ್ಬರು ಕೈಯಲ್ಲಿ ಫೋನು ಹಿಡಿದು ಸ್ವಲ್ಪ ಹಿಂದೆ ನಿಂತಿದ್ದರು. ನಾನು ಪೈಪನ್ನು ಹೆಗಲ ಮೇಲೆ ಹೊತ್ತು ಎಲ್ಲರಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಸ್ಟ್ಯಾಂಡು ಊರಿದೆ. ಮನೆಯಿಂದ ಒಟ್ಟಿಗೆ ಬಂದವರು ನಾವು.

ಮಸೀದಿಯಲ್ಲಿ ಬಾಂಗ್ ಆಯಿತು. ಖರ್ಜೂರ, ನೀರು, ಮರಳಿನ ಮೇಲೆಯೇ ನಮಾಜು. ಎದ್ದಾಗ ಪಡುವಣ ಪೂರ್ತಿ ಕೆಂಪಾಗಿತ್ತು. ಎಲ್ಲರೂ ಮಾತು ನಿಲ್ಲಿಸಿ ನೋಡತೊಡಗಿದರು.

ಎಳೆಯ ಚಂದ್ರನನ್ನು ಕಾಣುವುದು ಯಾಕೆ ಕಷ್ಟ ಎಂಬುದು ನನಗೆ ಬಾಯಿಪಾಠವಾಗಿತ್ತು. ಆ ಹೊತ್ತಿಗೆ ಅದು ಸೂರ್ಯನಿಂದ ದೂರ ಹೋಗಿರುವುದು ಕೈ ಚಾಚಿ ಹಿಡಿದ ಒಂದು ಮುಷ್ಟಿಯಷ್ಟು. ಅಷ್ಟು ಹತ್ತಿರದಲ್ಲಿ ಅದರ ಮೇಲೆ ಬಿದ್ದ ಬಿಸಿಲಿನಲ್ಲಿ ನಮ್ಮ ಕಡೆಗೆ ತಿರುಗುವುದು ಒಂದು ಎಳೆ ಮಾತ್ರ. ಅದೂ ನೀರಿನ ಮೇಲಿನ ದಪ್ಪ ಗಾಳಿಯನ್ನು, ಉಪ್ಪಿನ ಮಬ್ಬನ್ನು ದಾಟಿ ಬರಬೇಕು. ಹಿಂದಿನ ಆಕಾಶ ಅದಕ್ಕಿಂತ ಬೆಳ್ಳಗಿರುತ್ತದೆ. ಕತ್ತಲಾಗಲಿ ಎಂದು ಕಾದರೆ ಅಷ್ಟರಲ್ಲಿ ಚಂದ್ರ ಕೆಳಗಿಳಿದಿರುತ್ತದೆ. ನಡುವೆ ಸಿಗುವುದು ಹತ್ತೋ ಹದಿನೈದೋ ನಿಮಿಷ. ನನ್ನ ಲೆಕ್ಕದ ಪ್ರಕಾರ ಅದು ಇರಬೇಕಾದದ್ದು ಸೂರ್ಯ ಮುಳುಗಿದ ಜಾಗದಿಂದ ಸ್ವಲ್ಪ ಬಲಕ್ಕೆ, ಮೇಲೆ. ಪೈಪನ್ನು ಅತ್ತ ತಿರುಗಿಸಿ ಅಂಗುಲ ಅಂಗುಲವಾಗಿ ಸರಿಸಿದೆ. ಕೆಂಪು ಮಬ್ಬು ಬಿಟ್ಟರೆ ಏನೂ ಇರಲಿಲ್ಲ. ಹತ್ತು ನಿಮಿಷ ಕಳೆಯಿತು. ನಿಜ ಹೇಳಬೇಕೆಂದರೆ ಒಳಗೊಳಗೆ ಖುಷಿಯಾಗುತ್ತಿತ್ತು.

ಆಗ ಬೀಚಿನ ಎತ್ತರದ ಕಂಬದ ದೀಪಗಳು ಹೊತ್ತಿಕೊಂಡವು. ಅದರ ಹಿಂದೆಯೇ ಉಪ್ಪನ ಸ್ವರ: "ಅಗೋ, ಕಂಡಿತು!"

ಜನ ಅವರ ಸುತ್ತ ಸೇರಿದರು. ಉಪ್ಪ ಬೆರಳು ಚಾಚಿದ್ದರು. "ಅಲ್ಲಿ. ಕೆಂಪಿನಿಂದ ಎಡಕ್ಕೆ. ತೆಳುವಾಗಿ, ಬಾಗಿ ಉಂಟು ನೋಡಿ."

ಎಡಕ್ಕೆ! ನಾನು ಪೈಪನ್ನು ಬಿಟ್ಟು ಓಡಿದೆ. ಎಲ್ಲರೂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಕೆಲವರು "ಎಲ್ಲಿ, ಎಲ್ಲಿ" ಎನ್ನುತ್ತಿದ್ದರು. ಬೋಟಿನ ಕಾಕ ಉಪ್ಪನ ಹೆಗಲಿಗೆ ಹೆಗಲು ತಾಗಿಸಿ, ಅವರ ತೋಳಿನುದ್ದಕ್ಕೂ ಕಣ್ಣು ಹಾಯಿಸಿ, ಒಂದು ಕ್ಷಣ ಬಿಟ್ಟು, "ಹೌದು ಹೌದು. ನನಗೂ ಕಂಡಿತು," ಎಂದರು.

ಅಲ್ಲಿಗೆ ಇಬ್ಬರಾದರು. ಯಾರೋ ಅಲ್ಲಾಹು ಅಕ್ಬರ್ ಎಂದು ತಕ್ಬೀರ್ ಹೇಳಿದರು, ಹತ್ತಾರು ಜನ ಸ್ವರ ಸೇರಿಸಿದರು. ಕಮಿಟಿಯವರು ಫೋನು ಕಿವಿಗೆ ಹಿಡಿದಾಗಿತ್ತು. ಲೈನು ಸಿಗುತ್ತಿರಲಿಲ್ಲ, ಆ ಸಂಜೆ ಎಲ್ಲರೂ ಖಾಝಿಯವರ ಮನೆಗೇ ಫೋನು ಮಾಡುತ್ತಿರುತ್ತಾರೆ. ಅವರು ಕರೆ ಕಡಿದು ಮತ್ತೆ ನಂಬರು ಒತ್ತಿದರು.

ನಾನು ನೋಡುತ್ತಿದ್ದದ್ದು ಆಕಾಶವನ್ನಲ್ಲ, ಉಪ್ಪನ ಬೆರಳನ್ನು. ಮೊದಲು ಆ ಬೆರಳು ಇದ್ದದ್ದು ಒಂದು ಹಡಗಿನ ನೇರಕ್ಕೆ. ಉಪ್ಪ ಅದನ್ನು ಸರಿಯಾಗಿ ನೋಡಲಿಕ್ಕೆ ಮುಖವನ್ನು ಎಡಕ್ಕೆ ತಿರುಗಿಸಿದರು, ಬೆರಳೂ ಎಡಕ್ಕೆ ಸರಿಯಿತು. ಇನ್ನೂ ಸ್ವಲ್ಪ ತಿರುಗಿದರು, ಬೆರಳು ಇನ್ನೂ ಸ್ವಲ್ಪ ಎಡಕ್ಕೆ ಹೋಯಿತು. ಈಗ ಅದು ಇನ್ನೊಂದು ಹಡಗಿನ ಮೇಲಿತ್ತು. ಅವರಿಗೆ ಅದರ ಅರಿವಿರಲಿಲ್ಲ. ತಲೆ ತಿರುಗಿದ ಕಡೆಗೆಲ್ಲ ಬರುವ ಚಂದ್ರ ಆಕಾಶದಲ್ಲಿರುವುದಿಲ್ಲ. ಬಲಬದಿಯಲ್ಲಿ ಕಂಬದ ದೀಪ ಉರಿಯುತ್ತಿತ್ತು. ಅಂಗಡಿಯಲ್ಲಿ ಅವರು ಹೇಳಿದ ಮಾತು ಆಗ ನೆನಪಿಗೆ ಬಂತು. ಬದಿಯಲ್ಲಿ ಒಂದು ಬೆಳಕಿನ ಗೆರೆ, ಬಾಗಿದ ಹಾಗೆ. ಕಣ್ಣಿನೊಳಗಿನ ಲೆನ್ಸಿನ ಅಂಚಿಗೆ ಪಕ್ಕದಿಂದ ಬೆಳಕು ಬಡಿದರೆ ಕೆಲವರಿಗೆ ಹಾಗೆ ಕಾಣುವುದುಂಟು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಅಂದು ಫ್ರೇಮು ಬಗ್ಗಿಸುತ್ತಾ ಕೂತಿದ್ದೆ.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಕರೆ ಹೋಗುತ್ತದೆ. ಖಾಝಿಯವರು ಉಪ್ಪನನ್ನು ಕೇಳುತ್ತಾರೆ, ಉಪ್ಪ ಎಡಕ್ಕೆ ಎನ್ನುತ್ತಾರೆ. ಕಾಕನೂ ಎಡಕ್ಕೆ ಎನ್ನುತ್ತಾರೆ. ಊರಿಗೆ ಊರೇ ನಾಳೆಯ ಉಪವಾಸವನ್ನು ಬಿಟ್ಟು ಹಬ್ಬ ಮಾಡುತ್ತದೆ, ನನ್ನ ಉಪ್ಪನ ಕಣ್ಣಿನೊಳಗಿನ ಒಂದು ಪ್ಲಾಸ್ಟಿಕ್ಕಿನ ಅಂಚನ್ನು ನಂಬಿ. ಯಾವತ್ತೋ ಒಂದು ದಿನ ಉಪ್ಪನಿಗೆ ಅದು ತಿಳಿಯುತ್ತದೆ. ಎರಡನೆಯ ಮಳೆಗಾಲಕ್ಕೆ ಹರಿಯುವ ಟರ್ಪಾಲನ್ನು ಮಾರಲಾರದ ಮನುಷ್ಯ ಅದನ್ನು ಹೊತ್ತುಕೊಂಡು ಹೇಗೆ ಬದುಕಿಯಾರು? ಹೇಳಿದರೆ? ನಲವತ್ತು ಜನರ ಎದುರು ಅವರ ಕಣ್ಣಿನ ಹೆಸರು ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು. ನಾಲ್ಕು ದಿನದಿಂದ ನಾನು ವಾದ ಹೂಡಿದ್ದೆ. ಈಗ ಬಾಯಿ ತೆರೆದರೆ ಗೆಲ್ಲಲಿಕ್ಕೇ ತೆರೆದ ಹಾಗೆ ಆಗುತ್ತದೆ. ಉಪ್ಪನೂ ಹಾಗೆಯೇ ತಿಳಿದಾರು.

"ಹಲೋ," ಎಂದರು ಕಮಿಟಿಯವರು. "ಹಲೋ, ಪಣಂಬೂರಿನಿಂದ. ಒಂದು ನಿಮಿಷ, ಇಲ್ಲಿ ಹಾಜಿಯವರು ಇದ್ದಾರೆ..."

ನಾನು ಉಪ್ಪನ ತೋಳು ಹಿಡಿದೆ. "ಉಪ್ಪ, ಒಮ್ಮೆ ಎಡಗಣ್ಣು ಮುಚ್ಚಿ ನೋಡಿ."

"ಎಂತ?"

"ಎಡಗಣ್ಣು ಮಾತ್ರ. ಒಮ್ಮೆ."

ಅವರ ಮುಖ ಕಪ್ಪಿಟ್ಟಿತು. "ನಿನ್ನ ಕಾಗದ ಸುಳ್ಳಾಯ್ತಲ್ಲ, ಅದಕ್ಕಾ?" ಎಂದರು. ಕಾಕ ನಡುವೆ ಬಂದರು. "ಎಂತ ಮಾರಾಯ ನೀನು? ಹೆತ್ತ ಉಪ್ಪನನ್ನೇ ಪರೀಕ್ಷೆ ಮಾಡುವುದಾ? ಇಷ್ಟು ಜನರ ಎದುರು?" ಹಿಂದಿನಿಂದ ಯಾರೋ "ಓದು ಜಾಸ್ತಿ ಆದ್ರೆ ಹೀಗೇ" ಎಂದರು. ಕಮಿಟಿಯವರು ಫೋನನ್ನು ಮುಂದಕ್ಕೆ ಚಾಚಿ ನಿಂತಿದ್ದರು. "ಉಪ್ಪ, ಅಂಗಡಿಯಲ್ಲಿ ನೀವು ಒಂದು ಗೆರೆಯ ವಿಷಯ ಹೇಳಿದ್ದಿರಿ," ಎಂದೆ.

ಉಪ್ಪ ನನ್ನನ್ನೇ ನೋಡಿದರು. ಆಮೇಲೆ ಪಡುವಣಕ್ಕೆ ತಿರುಗಿ, ಎಡಗೈಯನ್ನು ಎತ್ತಿ, ಎಡಗಣ್ಣನ್ನು ಮುಚ್ಚಿದರು.

ಎಷ್ಟು ಹೊತ್ತೋ ಗೊತ್ತಿಲ್ಲ. ಕೈ ತೆಗೆದರು. ಮತ್ತೆ ಮುಚ್ಚಿದರು, ಮತ್ತೆ ತೆಗೆದರು. ಅನಂತರ ನಾನು ಹೇಳದೇ ಇದ್ದದ್ದನ್ನು ಅವರಾಗಿಯೇ ಮಾಡಿದರು: ಕಂಬದ ದೀಪದ ಕಡೆಗೆ ಒಮ್ಮೆ ನೋಡಿ, ಬಲಗೈಯ ಅಂಗೈಯನ್ನು ಕೆನ್ನೆಯ ಪಕ್ಕ ಅಡ್ಡ ಹಿಡಿದು, ದೀಪವನ್ನು ಮರೆ ಮಾಡಿ, ಎರಡೂ ಕಣ್ಣು ತೆರೆದು ನೋಡಿದರು. ಅಂಗೈ ತೆಗೆದರು. ಮತ್ತೆ ಹಿಡಿದರು. ಸುತ್ತ ಇದ್ದವರಿಗೆ ಏನಾಗುತ್ತಿದೆ ಎಂದು ಅರ್ಥವಾಗಲಿಲ್ಲ. ನನಗೆ ಅವರನ್ನು ಅಪ್ಪಿಕೊಂಡು ಅಲ್ಲಿಂದ ಕರೆದುಕೊಂಡು ಹೋಗಬೇಕೆನಿಸಿತು.

"ಫೋನ್ ಇಡಿ," ಎಂದರು ಉಪ್ಪ. "ನನಗೆ ಕಂಡದ್ದು ಚಂದ್ರ ಅಲ್ಲ. ಕಣ್ಣಿನ ದೋಷ."

ಕಮಿಟಿಯವರು ಕಾಕನ ಮುಖ ನೋಡಿದರು. ಕಾಕ ಮರಳು ನೋಡಿದರು. "ನೀವು ತೋರಿಸಿದ ಕಡೆಗೆ ನೋಡಿದೆ ಹಾಜಿಯವರೇ. ನಿಮಗೆ ಕಂಡ ಮೇಲೆ ಅಲ್ಲಿ ಇರಲೇಬೇಕಲ್ವಾ... ಎಂತದೋ ಇದ್ದ ಹಾಗೆ ಆಯ್ತು," ಎಂದರು. ಅವರು ಸುಳ್ಳುಗಾರರಲ್ಲ. ಉಪ್ಪನ ಮೇಲಿನ ಮರ್ಯಾದೆಯಿಂದಲೇ ಅವರ ಕಣ್ಣಿಗೆ ಕಂಡಿತ್ತು. ಜನ ಚದುರಿದರು. ನನ್ನನ್ನು ದಾಟಿ ಹೋಗುವಾಗ ಒಬ್ಬರೂ ಮಾತಾಡಿಸಲಿಲ್ಲ.

ಕಾರಿನಲ್ಲಿ ಉಪ್ಪ ಹಿಂದಿನ ಸೀಟಿನಲ್ಲಿ ಕೂತರು. ಯಾವಾಗಲೂ ಮುಂದೆ ಕೂರುವವರು. ಪೈಪು ಅವರ ಮೊಣಕಾಲಿಗೆ ಒರಗಿತ್ತು. ಹೆದ್ದಾರಿಯಲ್ಲಿ ಲಾರಿಗಳ ಸಾಲು, ಒಂದೊಂದರ ಬೆಳಕು ಬಂದಾಗಲೂ ಅವರು ಎಡಗಣ್ಣು ಮುಚ್ಚಿ ತೆರೆಯುವುದು ಕನ್ನಡಿಯಲ್ಲಿ ಕಾಣುತ್ತಿತ್ತು.

"ಅವತ್ತೇ ಅಂಗಡಿಯಲ್ಲಿ ನಿನಗೆ ಹೇಳಿದ್ದೆನಲ್ವಾ ಮೋನೆ," ಎಂದರು.

"ಹೇಳಿದ್ದಿರಿ."

ಅವರಿಗೆ ಸಿಟ್ಟಿರಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು. ಸ್ವಲ್ಪ ದೂರ ಹೋದ ಮೇಲೆ ಅವರು ಥಟ್ಟನೆ ಮುಂದಕ್ಕೆ ಬಾಗಿ ನನ್ನ ಸೀಟಿನ ಬೆನ್ನು ಹಿಡಿದರು. "ರಂಜಾನಿನ ಮೊದಲ ಚಂದ್ರ? ಅದನ್ನೂ ನಾನೇ ಕಂಡೆ ಅಂತ ಹೇಳಿದ್ದು. ಆಗ ಆಪರೇಶನ್ ಆಗಿತ್ತು. ಅದೂ ಇದೇ ಆದರೆ? ಇಡೀ ತಿಂಗಳ ಲೆಕ್ಕವೇ ತಪ್ಪಾದರೆ?"

ಇಷ್ಟು ಹೆದರಿದ ಅವರ ಸ್ವರವನ್ನು ನಾನು ಕೇಳಿರಲಿಲ್ಲ. ಕಾರನ್ನು ಬದಿಗೆ ಹಾಕಿ ನಿಲ್ಲಿಸಿದೆ. ಆ ದಿನದ ಲೆಕ್ಕ ನನಗೆ ಚೆನ್ನಾಗಿ ನೆನಪಿತ್ತು. "ಅಲ್ಲ ಉಪ್ಪ. ಅವತ್ತು ಚಂದ್ರ ಮುಳುಗಿದ್ದು ಸೂರ್ಯ ಮುಳುಗಿ ಒಂದು ಗಂಟೆಯ ಮೇಲೆ. ಒಂದೂವರೆ ಮುಷ್ಟಿ ದೂರ ಇತ್ತು. ದಪ್ಪ ಇತ್ತು. ಪಡೀಲಿನಲ್ಲಿ ಅಂಗಡಿ ಬಾಗಿಲಿನಿಂದ ನಾನೂ ನೋಡಿದ್ದೇನೆ, ಬರಿಗಣ್ಣಿನಿಂದ. ಎಲ್ಲರಿಗೂ ಕಂಡಿದೆ."

"ನೀನು ನೋಡಿದ್ದಾ? ನನಗೆ ಹೇಳಲಿಲ್ಲ?"

ಹೇಳಿರಲಿಲ್ಲ. ಬರಿಗಣ್ಣಿನ ಚಂದ್ರ ಅವರದು, ಪೈಪಿನದು ನನ್ನದು ಎಂದು ನಾನೂ ಪಾಲು ಮಾಡಿಕೊಂಡಿದ್ದೆ. "ಮರೆತೆ," ಎಂದೆ. ಉಪ್ಪ ಸೀಟಿಗೆ ಒರಗಿ, "ಅಲ್ಹಮ್ದುಲಿಲ್ಲಾ" ಎಂದು ನಾಲ್ಕೈದು ಸಲ ಹೇಳಿಕೊಂಡರು.

ಮನೆ ಮುಟ್ಟಿ ಒಂದು ಗಂಟೆ ಕಳೆದಿರಲಿಲ್ಲ. ಮಸೀದಿಯ ಮೈಕಿನಿಂದ ತಕ್ಬೀರ್ ಕೇಳಿಸಿತು. ಕರಾವಳಿಯ ಇನ್ನೊಂದು ಕಡೆ ಆಕಾಶ ತಿಳಿಯಾಗಿತ್ತಂತೆ, ಇಬ್ಬರು ಕಂಡಿದ್ದಾರೆ, ಬೇರೆ ಬೇರೆ ಕೇಳಿದಾಗ ಒಂದೇ ಉತ್ತರ ಕೊಟ್ಟಿದ್ದಾರೆ, ಖಾಝಿಯವರು ಒಪ್ಪಿದ್ದಾರೆ. ನಾಳೆ ಹಬ್ಬ. ನನ್ನ ಕಾಗದ ಕಿಸೆಯಲ್ಲೇ ಇತ್ತು. ಕಾಣಲಿಕ್ಕಿಲ್ಲ ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ದೆ.

ಬೋಟಿನ ಕಾಕ ಓಡಿ ಬಂದರು, ಜೊತೆಗೆ ಬೀಚಿನಲ್ಲಿದ್ದ ಏಳೆಂಟು ಜನ. "ನೋಡಿದಿರಾ ಹಾಜಿಯವರೇ! ನೀವೇ ಮೊದಲು ಕಂಡದ್ದು. ಇವನು ಸುಮ್ಮನೆ ತಲೆ ಹಾಳು ಮಾಡಿದ," ಎಂದರು. ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ನಾನು ಬಾಗಿಲಿನ ಬಳಿ ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ಉಪ್ಪ ಹೌದೆಂದರೆ ಸಾಕಿತ್ತು. ಒಂದು ತಲೆಯಾಡಿಸುವಿಕೆ. ಅವರ ಕಣ್ಣು, ಅವರ ಹೆಸರು, ಮೂರರ ಮೇಲೆ ನಾಲ್ಕನೆಯ ಸಲ, ಎಲ್ಲ ವಾಪಸು ಬರುತ್ತಿತ್ತು. ಅಲ್ಲವೆನ್ನಲಿಕ್ಕೆ ಯಾರಿಗೂ ಕಾರಣವಿರಲಿಲ್ಲ. ನಾನಂತೂ ಬಾಯಿ ತೆರೆಯುತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

"ಅವರು ಕಂಡದ್ದು ಎಲ್ಲಿ? ಕೆಂಪಿನಿಂದ ಎಡಕ್ಕೋ ಬಲಕ್ಕೋ?" ಎಂದು ಉಪ್ಪ ಕೇಳಿದರು.

"ಬಲಕ್ಕೆ ಅಂತೆ."

"ನಾನು ತೋರಿಸಿದ್ದು ಎಡಕ್ಕೆ. ಚಂದ್ರ ಇತ್ತು. ನನಗೆ ಕಾಣಲಿಲ್ಲ. ಹಾಗೆಯೇ ಹೇಳಿ, ಬೇರೆ ಮಾಡಿ ಹೇಳಬೇಡಿ." ಉಮ್ಮ ಎಲ್ಲರಿಗೂ ಚಹಾ ತಂದರು. ಮರುದಿನ ಮಸೀದಿಯಲ್ಲಿ, ಆಮೇಲೆ ದುಬೈಯಿಂದ ತಂಗಿ ಫೋನು ಮಾಡಿದಾಗ, ಉಪ್ಪ ಇದೇ ಮೂರು ಮಾತನ್ನು ಒಂದಕ್ಷರ ಆಚೀಚೆ ಮಾಡದೆ ಹೇಳಿದರು. ಹೇಳಿದ ಪ್ರತಿಸಲವೂ ಅವರು ಒಂದಿಷ್ಟು ಸಣ್ಣಗಾದ ಹಾಗೆ ನನಗೆ ಕಾಣುತ್ತಿತ್ತು.

ಮುಂದಿನ ತಿಂಗಳು ಚಂದ್ರ ನೋಡಲಿಕ್ಕೆ ಅವರು ಬೀಚಿಗೆ ಬರುವುದಿಲ್ಲ ಎಂದರು. ನಾನೂ ಹೋಗಲಿಲ್ಲ. ಸಂಜೆಯ ಮಗ್ರಿಬ್ ನಮಾಜು ಮುಗಿಸಿ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಉಪ್ಪ ಮೆಟ್ಟಿಲು ಹತ್ತಿ ಬಂದರು. ಪಡುವಣದಲ್ಲಿ, ಕಾರ್ಖಾನೆಯ ಹೊಗೆಕೊಳವೆಯ ಮೇಲ್ಗಡೆ, ಚಂದ್ರ ಸ್ಪಷ್ಟವಾಗಿಯೇ ಇತ್ತು. ಉಪ್ಪ ಬೀದಿದೀಪಕ್ಕೆ ಅಂಗೈ ಅಡ್ಡ ಹಿಡಿದು ನೋಡಿದರು. ಎಡಗಣ್ಣು ಮುಚ್ಚಿ ನೋಡಿದರು. ತಲೆಯನ್ನು ಆ ಕಡೆಗೆ, ಈ ಕಡೆಗೆ ತಿರುಗಿಸಿ ನೋಡಿದರು. ನಿಧಾನವಾಗಿ, ಒಂದನ್ನೂ ಬಿಡದೆ. ಆಮೇಲೆ ಚಂದ್ರನಿಗೆ ಬೆನ್ನು ಹಾಕಿ ನನ್ನ ಎದುರು ನಿಂತರು.

"ನಿನಗೆ ಕಂಡಿತಾ?"

"ಕಂಡಿತು ಉಪ್ಪ."

"ಬರಿಗಣ್ಣಿಗೆ?"

"ಬರಿಗಣ್ಣಿಗೆ."

"ಸೂರ್ಯ ಮುಳುಗಿದಲ್ಲಿಂದ ಎಡಕ್ಕೋ ಬಲಕ್ಕೋ?"

"ಬಲಕ್ಕೆ."

"ಕೊಂಬು?"

"ಮೇಲಕ್ಕೆ. ಸ್ವಲ್ಪ ಬಲಕ್ಕೆ ವಾಲಿ."

"ನನಗೂ ಹಾಗೇ ಕಂಡದ್ದು," ಎಂದರು ಉಪ್ಪ. ನನ್ನ ಕೈಯಲ್ಲಿದ್ದ ಬಟ್ಟೆಗಳಲ್ಲಿ ಅರ್ಧವನ್ನು ತೆಗೆದುಕೊಂಡು ಕೆಳಗಿಳಿದರು.